ಚಿತ್ರಕಥೆಗಳ ಪರಿಭಾಷೆ: ತಾಯ್ತಂದೆಗಳಿಗೆ ಒಂದು ಪಾಠ

ಮಗಳ ಕೈಯಲ್ಲಿ ಚಿತ್ರಕಥೆಯ ಪುಸ್ತಕವೊಂದನ್ನು ಕಂಡಾಗ ತಾಯ್ತಂದೆಗಳು ಸಾಧಾರಣವಾಗಿ ಎರಡರಲ್ಲಿ ಒಂದನ್ನು ಮಾಡುವರು. ಕೆಲವರು "ಇದೂ ಒಂದು ಓದೇ?" ಎಂದು ಅದನ್ನು ಕಸಿದುಕೊಳ್ಳುವರು. ಕೆಲವರು ಮಗು ಸುಮ್ಮನಿದ್ದರೆ ಸಾಕೆಂದು, ಒಳಗೆ ಏನಿರುವದೆಂದು ನೋಡದೆ ಬಿಟ್ಟುಬಿಡುವರು. ಈ ಎರಡು ನಡತೆಗಳಿಗೂ ಮೂಲವು ಒಂದೇ. ಇಬ್ಬರೂ ಪುಸ್ತಕವನ್ನು ಓದಿಲ್ಲ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾವೇ ತಾಯಂದಿರೂ ಉಪಾಧ್ಯಾಯಿನಿಯರೂ ಆಗಿರುವದರಿಂದ, ಈ ವಿಷಯವನ್ನು ಪಾಠಕ್ರಮದಲ್ಲಿ ಅವರ ಮುಂದಿಡುವದು ಉಚಿತವೆಂದು ತೋರಿತು. ವ್ಯಾಕರಣವನ್ನು ಕರ್ತೃ, ಕರ್ಮ, ಕ್ರಿಯಾಪದಗಳಿಂದ ಪ್ರಾರಂಭಿಸುವಂತೆ ಇಲ್ಲಿಯೂ ಹೆಸರುಗಳಿಂದಲೇ ಪ್ರಾರಂಭಿಸೋಣ.

ಪುಟದ ಅಂಗಗಳು

ಪುಟದಲ್ಲಿ ಗೆರೆಯೆಳೆದು ಬೇರ್ಪಡಿಸಿದ ಒಂದೊಂದು ಚಿತ್ರಕ್ಕೆ ಪ್ಯಾನೆಲ್, ಅಂದರೆ ಚೌಕ, ಎಂದು ಹೆಸರು. ಒಂದೇ ಚಿತ್ರವು ಇಡೀ ಪುಟವನ್ನು ತುಂಬಿದರೆ ಅದು ಸ್ಪ್ಲ್ಯಾಶ್. ಪಾತ್ರಗಳ ಮಾತನ್ನು ಒಳಗೊಂಡ ದುಂಡುಗೆರೆಯು ಬಲೂನು. ಅದರ ಬಾಲವು ಮಾತಾಡುವವರ ಬಾಯಿಯ ಕಡೆಗೆ ತಿರುಗಿರುವದು. ಬಾಲದ ಸ್ಥಾನದಲ್ಲಿ ಸಣ್ಣ ಗುಳ್ಳೆಗಳ ಸಾಲಿದ್ದರೆ ಅದು ಆಡಿದ ಮಾತಲ್ಲ, ಮನಸ್ಸಿನ ಆಲೋಚನೆ. ಅಂಚು ಮುಳ್ಳುಮುಳ್ಳಾಗಿದ್ದರೆ ಕೂಗು. ಇಟಲಿಯವರು ಬಲೂನನ್ನು ಬಾಯಿಂದ ಹೊರಟ ಹೊಗೆಗೆ ಹೋಲಿಸಿ, ಚಿತ್ರಕಥೆಗಳನ್ನೇ ಫುಮೆತ್ತಿ, ಅಂದರೆ ಪುಟ್ಟ ಹೊಗೆಗಳು, ಎಂದು ಕರೆಯುವರು. ಕಥೆಗಾರನ ನಿರೂಪಣೆಯನ್ನು ಹೊತ್ತ ಪಟ್ಟಿಯು ಕ್ಯಾಪ್ಷನ್. ಜಪಾನಿನ ಮಾಂಗಾಗಳಲ್ಲಿ ಈ ಅಂಗಗಳೆಲ್ಲವೂ ಇದ್ದರೂ ಓದು ಬಲದಿಂದ ಎಡಕ್ಕೆ ಸಾಗುವದು.

ಇವೆಲ್ಲವುಗಳಿಗಿಂತ ಮುಖ್ಯವಾದದ್ದು ಏನೂ ಬರೆಯದಿರುವ ಸ್ಥಳ. ಎರಡು ಚೌಕಗಳ ನಡುವಣ ಬಿಳಿಯ ಸಂದಿಗೆ ಗಟರ್ ಎಂದು ಹೆಸರು. ಮೊದಲನೆಯ ಚೌಕದಲ್ಲಿ ಹುಡುಗಿಯೊಬ್ಬಳು ತುಂಬಿದ ಕೊಡವನ್ನು ಹೊತ್ತು ಪಾಚಿಗಟ್ಟಿದ ಮೆಟ್ಟಲಿಳಿಯುತ್ತಿರುವಳೆನ್ನಿರಿ. ಎರಡನೆಯದರಲ್ಲಿ ಒದ್ದೆ ನೆಲದ ಮೇಲೆ ಒಡೆದ ಚೂರುಗಳು ಮಾತ್ರ ಇವೆ. ಆಕೆ ಜಾರಿದ್ದನ್ನು ಯಾರೂ ಬರೆಯಲಿಲ್ಲ; ಆದರೂ ಓದಿದವರೆಲ್ಲರೂ ಅದನ್ನು ಕಂಡರು. ಅಮೇರಿಕದ ಚಿತ್ರಕಾರ ಸ್ಕಾಟ್ ಮೆಕ್ಲೌಡನು ೧೯೯೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಓದುಗನ ಈ ಕೆಲಸವನ್ನು ಕ್ಲೋಷರ್ ಎಂದು ಕರೆದು ವಿವರಿಸಿದನು. ನಾವು ಅದನ್ನು ಪೂರಣವೆನ್ನಬಹುದು. ಸಮಸ್ಯಾಪೂರಣವನ್ನು ಬಲ್ಲ ನಮಗೆ ಈ ಮಾತು ಹೊಸದಲ್ಲ. ಚಿತ್ರಕಥೆಯು ಬುದ್ಧಿಗೆ ಕೆಲಸ ಕೊಡದೆಂಬ ಆಕ್ಷೇಪಕ್ಕೆ ಈ ಬಿಳಿಯ ಸಂದೇ ಉತ್ತರ. ಹಾಗೆಯೇ, ಕೆಟ್ಟ ಕಥೆಯು ಮಗುವಿನ ಮನಸ್ಸಿನಿಂದ ಏನನ್ನು ತುಂಬಿಸಿಕೊಳ್ಳುತ್ತದೆಂದು ನಾವು ವಿಚಾರಿಸಬೇಕಾದ ಸ್ಥಳವೂ ಇದೇ.

ಈ ವಿದ್ಯೆಯ ಮೂಲಪುರುಷರಲ್ಲಿ ಒಬ್ಬನು ಶಾಲಾಮಾಸ್ತರನೆಂಬದು ನಮ್ಮ ವೃತ್ತಿಯವರಿಗೆ ಸಂತೋಷದ ಸಂಗತಿ. ಸ್ವಿಟ್ಜರ್ಲೆಂಡಿನ ಜಿನೀವದಲ್ಲಿ ಹುಡುಗರ ವಸತಿಶಾಲೆಯನ್ನು ನಡೆಸುತ್ತಿದ್ದ ರೊಡಾಲ್ಫ್ ಟೆಪ್ಫರನು ತನ್ನ ವಿದ್ಯಾರ್ಥಿಗಳ ವಿನೋದಕ್ಕಾಗಿ ಬರೆದ ಚಿತ್ರಸರಣಿಗಳನ್ನು ಮಹಾಕವಿ ಗಯಟೆಯು ಕಂಡು ಮೆಚ್ಚಿದನು. ಅವುಗಳಲ್ಲೊಂದು ೧೮೩೩ರಲ್ಲಿ ಅಚ್ಚಾಯಿತು.

ಬೆಂಕಿಯೂ ಕಟ್ಟಳೆಯೂ

ಆದರೆ ಶಾಲೆಗಳು ಚಿತ್ರಕಥೆಯನ್ನು ಯಾವಾಗಲೂ ಹೀಗೆ ಕಾಣಲಿಲ್ಲ. ೧೯೩೮ರಲ್ಲಿ ಸೂಪರ್‌ಮ್ಯಾನನ ಕಥೆಯು ಹೊರಟ ಮೇಲೆ ಅಮೇರಿಕದಲ್ಲಿ ಹತ್ತು ಸೆಂಟಿನ ಕಾಮಿಕ್ ಪುಸ್ತಕಗಳು ಮನೆಮನೆಯನ್ನು ಹೊಕ್ಕವು. ಯುದ್ಧಾನಂತರ ಕೊಲೆ, ರಕ್ತ, ಭೂತಗಳ ಕಥೆಗಳು ಹೆಚ್ಚಿದವು. ಕೆಲವು ನಿಜವಾಗಿಯೂ ಅಸಹ್ಯವಾಗಿದ್ದವು. ಹೀಗಿರಲು ೧೯೪೮ರ ಅಕ್ಟೋಬರದಲ್ಲಿ ಪಶ್ಚಿಮ ವರ್ಜೀನಿಯದ ಸ್ಪೆನ್ಸರ್ ಎಂಬ ಊರಿನ ಶಾಲಾಮಕ್ಕಳು, ಉಪಾಧ್ಯಾಯರ ಮೇಲ್ವಿಚಾರಣೆಯಲ್ಲಿ, ಎರಡು ಸಾವಿರದಷ್ಟು ಕಾಮಿಕ್ ಪುಸ್ತಕಗಳನ್ನು ರಾಶಿಹಾಕಿ ಸುಟ್ಟರು. ಬೇರೆ ಊರುಗಳಲ್ಲಿಯೂ ಇಂಥ ಬೆಂಕಿಗಳು ಎದ್ದವು. ಒಳ್ಳೆಯದಾವದು, ಹೊಲಸಾವದು ಎಂಬ ವಿವೇಚನೆ ಆ ಬೆಂಕಿಗೆ ಇರಲಿಲ್ಲ.

೧೯೫೪ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮನು ಕಾಮಿಕ್ಸುಗಳಿಂದ ಬಾಲಾಪರಾಧಗಳು ಹೆಚ್ಚುತ್ತವೆಂದು ಒಂದು ಗ್ರಂಥವನ್ನು ಪ್ರಕಟಿಸಿದನು. ಈತನು ದುಷ್ಟನಲ್ಲ, ನ್ಯೂಯಾರ್ಕಿನ ಹಾರ್ಲೆಮಿನಲ್ಲಿ ಬಡವರಿಗಾಗಿ ಚಿಕಿತ್ಸಾಲಯವನ್ನು ನಡೆಸಿದವನು. ಅದೇ ವರ್ಷ ಸೆನೆಟಿನ ಉಪಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ಕಾಮಿಕ್ಸ್ ಕೋಡ್ ಎಂಬ ಕಟ್ಟಳೆಯನ್ನು ಮಾಡಿಕೊಂಡರು. ಭೀತಿ, ಭಯಾನಕ ಎಂಬರ್ಥದ ಪದಗಳು ಪುಸ್ತಕದ ಹೆಸರಿನಲ್ಲಿ ಬರಕೂಡದು, ಒಳ್ಳೆಯದಕ್ಕೇ ಸದಾ ಜಯವಾಗತಕ್ಕದ್ದು ಎಂದು ವಿಧಿಸಿದ ಈ ಕಟ್ಟಳೆಯ ಮುದ್ರೆಯು ೨೦೧೧ರ ವರೆಗೆ ಉಳಿಯಿತು. ೨೦೧೨ರಲ್ಲಿ ಗ್ರಂಥಾಲಯಶಾಸ್ತ್ರದ ಅಧ್ಯಾಪಕಿ ಕ್ಯಾರಲ್ ಟಿಲ್ಲಿಯವರು ವರ್ಥಮನ ಕಾಗದಪತ್ರಗಳನ್ನು ಶೋಧಿಸಿ, ಆತನು ಮಕ್ಕಳ ಹೇಳಿಕೆಗಳನ್ನು ತನ್ನ ವಾದಕ್ಕೆ ಅನುಕೂಲವಾಗುವಂತೆ ತಿದ್ದಿದ್ದನೆಂದು ತೋರಿಸಿದರು. ಸದುದ್ದೇಶವುಳ್ಳವರೂ ಪ್ರಮಾಣವನ್ನು ತಿದ್ದಿದರೆ ಮಕ್ಕಳಿಗೆ ಉಪಕಾರವಾಗದು.

ಓದುಗರ ಬಳಗ

ಪುಸ್ತಕಗಳನ್ನು ಪ್ರೀತಿಯಿಂದ ಕಾಪಾಡಿದವರು ಆ ಮಕ್ಕಳ ಪೀಳಿಗೆಯವರೇ. ಅಭಿಮಾನಿಗಳು ತಾವೇ ಬರೆದು, ತಾವೇ ನಕಲುತೆಗೆದು ಹಂಚುವ ಪತ್ರಿಕೆಗೆ ಫ್ಯಾನ್‌ಜೀನ್ ಎಂಬ ಹೆಸರು ೧೯೪೦ರಿಂದ ನಡೆದು ಬಂದಿದೆ. ೧೯೬೧ರಲ್ಲಿ ಡೆಟ್ರಾಯಿಟಿನ ಅಧ್ಯಾಪಕ ಜೆರಿ ಬೇಲ್ಸನು ರಾಯ್ ಥಾಮಸ್ ಎಂಬ ತರುಣನ ಸಹಾಯದಿಂದ 'ಆಲ್ಟರ್ ಈಗೊ' ಎಂಬ ಫ್ಯಾನ್‌ಜೀನನ್ನು ಹೊರಡಿಸಿದನು. ಥಾಮಸನು ಕೆಲಕಾಲ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ತರುವಾಯ ಮಾರ್ವೆಲ್ ಸಂಸ್ಥೆಯ ಪ್ರಧಾನ ಸಂಪಾದಕನಾದನು.

ಈ ಬಳಗದವರ ಓದು ಎಷ್ಟು ಸೂಕ್ಷ್ಮವೆಂದರೆ, ಸಂಚಿಕೆಯಿಂದ ಸಂಚಿಕೆಗೆ ಕಥೆಯ ಸಂಗತಿಗಳು ಹೊಂದಬೇಕೆಂದು ಅವರು ಹಟ ಹಿಡಿದರು. ಅದಕ್ಕೆ ಕಂಟಿನ್ಯೂಟಿ ಎಂದು ಹೆಸರು. ಹಿಂದೆ ಹೇಳಿದ್ದನ್ನು ಮುಂದಿನ ಕಥೆಯಲ್ಲಿ ತಿದ್ದಿ ಬೇರೆ ಅರ್ಥ ಕೊಡುವದು ರೆಟ್ಕಾನ್. ತಪ್ಪನ್ನು ಕಂಡುಹಿಡಿದ ಓದುಗರಿಗೆ ಮಾರ್ವೆಲ್ ಸಂಸ್ಥೆಯವರು 'ನೋ-ಪ್ರೈಜ್' ಎಂಬ ಬಹುಮಾನವನ್ನು, ಅಂದರೆ ಒಳಗೆ ಏನೂ ಇಲ್ಲದ ಲಕೋಟೆಯನ್ನು, ಅಂಚೆಯಲ್ಲಿ ಕಳುಹಿಸುತ್ತಿದ್ದರು. ಅದನ್ನು ಪಡೆದವರು ಹೆಮ್ಮೆಯಿಂದ ಇಟ್ಟುಕೊಂಡರು. ಇವರ ಮಾತುಗಳಲ್ಲಿ ಕೆಲವು ಹೊರಗಿನವರನ್ನು ಮೋಸಗೊಳಿಸುವವು. ಹಳೆಯ ಪ್ರತಿಗಳ ವ್ಯಾಪಾರದಲ್ಲಿ 'ಗುಡ್' ಎಂದರೆ ಒಳ್ಳೆಯ ಪ್ರತಿಯಲ್ಲ. ಚೆನ್ನಾಗಿ ಸವೆದ, ಹತ್ತಕ್ಕೆ ಎರಡೇ ಅಂಕ ಬರುವ ಪ್ರತಿ!

ಗ್ರಾಫಿಕ್ ನಾವೆಲ್ ಎಂಬ ಹೆಸರು

ಇಂದು ಅಂಗಡಿಗಳಲ್ಲಿ ಗೌರವದಿಂದ ಮೆರೆಯುವ ಗ್ರಾಫಿಕ್ ನಾವೆಲ್ ಎಂಬ ಪದವೂ ಈ ಬಳಗದ್ದೇ. ೧೯೬೪ರ ನವೆಂಬರದಲ್ಲಿ ರಿಚರ್ಡ್ ಕೈಲನು ಅಭಿಮಾನಿಗಳ ಪತ್ರಿಕೆಯೊಂದರಲ್ಲಿ ಇದನ್ನು ಬಳಸಿದನು. ೧೯೭೮ರಲ್ಲಿ ವಿಲ್ ಐಸ್ನರನ 'ಎ ಕಾಂಟ್ರ್ಯಾಕ್ಟ್ ವಿತ್ ಗಾಡ್' ಎಂಬ ಗ್ರಂಥದ ಮೂಲಕ ಅದು ಪ್ರಚಾರಕ್ಕೆ ಬಂತು. ಆದರೆ ಆ ಗ್ರಂಥವು ಕಾದಂಬರಿಯಲ್ಲ, ನಾಲ್ಕು ಸಣ್ಣ ಕಥೆಗಳು. ಆರ್ಟ್ ಸ್ಪೀಗಲ್‌ಮನ್ನರ 'ಮೌಸ್' ನಾಜಿಗಳ ಸೆರೆಶಿಬಿರದಿಂದ ಬದುಕಿ ಬಂದ ಅವರ ತಂದೆಯ ನಿಜಚರಿತ್ರೆ. ೧೯೯೧ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅದನ್ನು ಕಲ್ಪಿತ ಕಥೆಗಳ ಪಟ್ಟಿಯಲ್ಲಿ ಸೇರಿಸಿತು. ಗ್ರಂಥಕರ್ತರು ಆಕ್ಷೇಪಿಸಿ ಬರೆದ ಮೇಲೆ ನಿಜವೃತ್ತಾಂತಗಳ ಪಟ್ಟಿಗೆ ಸಾಗಿಸಿತು. ಮರುವರ್ಷ ಅದಕ್ಕೆ ವಿಶೇಷ ಪುಲಿಟ್ಜರ್ ಬಹುಮಾನ ದೊರೆಯಿತು. ಆದಕಾರಣ ಗ್ರಾಫಿಕ್ ನಾವೆಲ್ ಎಂಬದು ಪುಸ್ತಕದ ಆಕಾರವನ್ನು ಸೂಚಿಸುವದೇ ಹೊರತು ಅದರ ಯೋಗ್ಯತೆಯನ್ನಲ್ಲ. ಆ ಹೆಸರಿನ ಹೊದಿಕೆಯೊಳಗೆ ಹಿರಿಯರಿಗೆ ಮಾತ್ರ ತಕ್ಕ ಪುಸ್ತಕಗಳೂ ಬರುವವು, ಟೊಳ್ಳಾದವುಗಳೂ ಬರುವವು.

ಅಂತೆಯೇ ನಿಂದೆಯ ಹೆಸರೂ ಪ್ರಮಾಣವಲ್ಲ. ೨೦೨೨ರ ಜನವರಿಯಲ್ಲಿ ಅಮೇರಿಕದ ಟೆನೆಸಿ ಪ್ರಾಂತದ ಮೆಕ್ಮಿನ್ ಜಿಲ್ಲೆಯ ಶಾಲಾಮಂಡಲಿಯು, ಕೆಲವು ಅಸಭ್ಯ ಪದಗಳೂ ಒಂದು ನಗ್ನಚಿತ್ರವೂ ಇವೆಯೆಂದು, ಇದೇ 'ಮೌಸ್' ಗ್ರಂಥವನ್ನು ಎಂಟನೆಯ ತರಗತಿಯ ಪಾಠಗಳಿಂದ ತೆಗೆದುಹಾಕಿತು. ಲಕ್ಷಾಂತರ ಜನರ ಕೊಲೆಯ ಸಾಕ್ಷ್ಯವನ್ನು ತೂಗುವಾಗ ಕೆಲವು ಪದಗಳೇ ತಕ್ಕಡಿಯಲ್ಲಿ ಭಾರವಾದವು.

ಮನೆಯಲ್ಲಿ ಮಾಡತಕ್ಕದ್ದು

ನಮ್ಮ ನಾಡಿನವರಿಗೂ ಈ ಕಲೆ ಪರಕೀಯವಲ್ಲ. ೧೯೬೭ರಲ್ಲಿ 'ಅಮರ ಚಿತ್ರ ಕಥಾ' ಮಾಲೆಯನ್ನು ಸ್ಥಾಪಿಸಿದ ಅನಂತ ಪೈಯವರು ಕಾರ್ಕಳದಲ್ಲಿ ಹುಟ್ಟಿದವರು. ಆ ಪುಸ್ತಕಗಳನ್ನು ಓದಿ ಬೆಳೆದ ತಾಯಂದಿರು ಅವುಗಳನ್ನೂ ಕಣ್ಣುಮುಚ್ಚಿ ಮಕ್ಕಳಿಗೆ ಕೊಡದೆ, ಈ ಪಾಠದ ಬೆಳಕಿನಲ್ಲಿ ಮತ್ತೊಮ್ಮೆ ಓದಲಿ.

ತಾಯ್ತಂದೆಗಳು ವಾರಕ್ಕೊಮ್ಮೆ ಮಗಳ ಪುಸ್ತಕವನ್ನು ಅವಳ ಬಳಿಯಲ್ಲೇ ಕುಳಿತು ಓದಲಿ. ಕಸಿಯುವದಕ್ಕಾಗಿ ಅಲ್ಲ, ಕೇಳುವದಕ್ಕಾಗಿ. ಈ ಎರಡು ಚೌಕಗಳ ನಡುವೆ ಏನು ನಡೆಯಿತು? ಈ ಹೆಂಗಸಿಗೆ ಮಾತಿನ ಬಲೂನುಗಳಿವೆಯೋ, ಅಥವಾ ಆಕೆ ನೋಡುವದಕ್ಕೆ ಮಾತ್ರ ನಿಂತಿರುವಳೋ? ಪೆಟ್ಟು ತಿಂದವನ ಮುಖವನ್ನು ಚಿತ್ರಕಾರನು ತೋರಿಸಿದನೋ, ಮರೆಮಾಡಿದನೋ? ಇಂಥ ಮೂರು ಪ್ರಶ್ನೆಗಳಿಗೆ ಯೋಚಿಸಿ ಉತ್ತರ ಹೇಳಬಲ್ಲ ಹುಡುಗಿಯು ಮುಂದೆ ಯಾವ ಪುಸ್ತಕವನ್ನು ತಾನೇ ಮುಚ್ಚಿಡಬೇಕೆಂದು ಅರಿಯುವಳು. ನಾವು ಜತೆಯಲ್ಲಿಲ್ಲದ ದಿನಗಳಲ್ಲಿ ಅವಳಿಗೆ ಬೇಕಾಗುವದು ಈ ಅರಿವೇ.