ಮೊದಲ ಪುಟದಲ್ಲಿ ನೀವೇ ಇರಿ: ಆರ್ಟ್ ಜರ್ನಲ್ ಶುರುಮಾಡುವವರಿಗೆ ಹನ್ನೆರಡು ಸೂತ್ರಗಳು

ಚೆಂದ ಕಂಡಿತೆಂದು ಕೊಂಡ ದಪ್ಪ ರಟ್ಟಿನ ನೋಟ್‌ಬುಕ್ಕುಗಳು ಎಷ್ಟು ಮನೆಗಳ ಬೀರುವಿನಲ್ಲಿ ಖಾಲಿ ಕೂತಿವೆಯೋ! ಕೊಂಡವರಿಗೆ ಬಣ್ಣದ ಆಸೆ ಇಲ್ಲವೆಂದಲ್ಲ. ಮೊದಲ ಪುಟವೇ ಕೆಟ್ಟುಹೋದರೆ ಎಂಬ ಅಳುಕು ಕೈ ಕಟ್ಟಿಹಾಕುತ್ತದೆ. ಆರ್ಟ್ ಜರ್ನಲ್ ಎಂದರೆ ಚಿತ್ರ, ಬರಹ, ಅಂಟಿಸಿದ ಚೂರುಪಾರು ಎಲ್ಲವೂ ಒಟ್ಟಿಗೆ ಬಂದು ಕೂರುವ ದಿನಚರಿ, ಅಷ್ಟೆ. ಶುರುಮಾಡಲು ಕೈಗೆಟುಕುವ ವಿಷಯ ನೀವೇ. ಆದರೆ ಒಂದು ಷರತ್ತು ಇದೆ. ಆ ಪುಟ ಪರಿಚಯಪತ್ರ ಆಗಬಾರದು. ನಿಮ್ಮ ಬಗ್ಗೆ ವಿಶೇಷಣ ಬರೆಯಬೇಡಿ, ಸಾಕ್ಷಿ ಒದಗಿಸಿ. ಮುಂದಿನ ಸೂತ್ರಗಳೆಲ್ಲ ಇದರ ಸುತ್ತಲೇ ಇವೆ.

1. ದುಬಾರಿ ಪುಸ್ತಕ ಬೇಡ, ದಪ್ಪ ಹಾಳೆ ಸಾಕು

ಜೆರಾಕ್ಸ್ ಅಂಗಡಿಯ ಹಾಳೆ 70ರಿಂದ 80 ಜಿಎಸ್‌ಎಂ ಇರುತ್ತದೆ. ಪೆನ್ನಿಗೆ ಅದು ಸಾಕು, ಒದ್ದೆ ಕುಂಚ ತಾಗಿದರೆ ಹಪ್ಪಳ. ಬಣ್ಣ, ಅಂಟು ಎರಡೂ ತಡೆಯಬೇಕೆಂದರೆ 150ರ ಆಸುಪಾಸಿನ ಹಾಳೆ ಹುಡುಕಿ. ಜಲವರ್ಣಕ್ಕೆಂದೇ ಸಿಗುವ 300 ಜಿಎಸ್‌ಎಂ ಹಾಳೆ ಶುರುವಿಗೆ ಬೇಡ. ಬೆಲೆ ನೆನಪಾದಾಗಲೆಲ್ಲ ಕೈ ನಡುಗುತ್ತದೆ. ಮಕ್ಕಳ ಡ್ರಾಯಿಂಗ್ ಪುಸ್ತಕವಾದರೂ ನಡೆಯುತ್ತದೆ, ಎರಡೆರಡು ಹಾಳೆ ಸೇರಿಸಿ ಅಂಟಿಸಿಕೊಂಡರಾಯಿತು. ಬೆಂಗಳೂರಿನವರಿಗೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಇದ್ದೇ ಇದೆ. ಉಳಿದವರಿಗೆ ಶಾಲೆಯ ಎದುರಿನ ಸ್ಟೇಷನರಿ ಅಂಗಡಿ.

2. ಮೊದಲ ಎರಡು ಹಾಳೆ ಬಿಟ್ಟುಬಿಡಿ

ಪುಸ್ತಕ ತೆರೆದು ಮೂರನೆಯ ಹಾಳೆಗೆ ಹೋಗಿ, ನಿಮ್ಮ ಮೊದಲ ಪುಟವನ್ನು ಅಲ್ಲಿ ಶುರುಮಾಡಿ. ಬಿಟ್ಟ ಜಾಗಕ್ಕೆ ಏನು ಬೇಕೆಂಬುದು ಪುಸ್ತಕ ಅರ್ಧ ತುಂಬಿದ ಮೇಲೆ ತಾನಾಗಿ ತಿಳಿಯುತ್ತದೆ.

3. ಬಿಳುಪನ್ನು ಕೆಡಿಸಿ

ನಿಮಗೆ ಹೆದರಿಕೆ ಹುಟ್ಟಿಸುವುದು ಖಾಲಿ ಬಿಳಿ ಹಾಳೆ. ಹಾಗಾದರೆ ಮೊದಲು ಅದನ್ನೇ ಬಿಳಿಯಾಗಿ ಉಳಿಸಬೇಡಿ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಚಿತ್ತಾರ ಬರೆಯುವ ಕ್ರಮ ನೋಡಿ: ಮೊದಲು ಗೋಡೆಗೆ ಕೆಮ್ಮಣ್ಣಿನ ಹಿನ್ನೆಲೆ, ಆಮೇಲೆ ಪುಂಡಿ ನಾರಿನ ಕುಂಚದಲ್ಲಿ ಅಕ್ಕಿಹಿಟ್ಟಿನ ಬಿಳಿ ಗೆರೆ. ನೆಲ ಸಿದ್ಧವಾಗದೆ ಗೆರೆ ಹುಟ್ಟುವುದಿಲ್ಲ.

ಇದಕ್ಕೆ ಬೇಕಾದದ್ದು ನಿಮ್ಮ ಅಡುಗೆಮನೆಯಲ್ಲೇ ಇದೆ. ಬೆಳಗಿನ ಡಿಕಾಕ್ಷನ್ ಮಿಕ್ಕಿದ್ದರೆ ಅಗಲ ಕುಂಚದಲ್ಲಿ ಬಳಿಯಿರಿ. ಒಂದು ಸಲ ಬಳಿದರೆ ತಿಳಿ ಕಂದು, ಒಣಗಿದ ಮೇಲೆ ಮತ್ತೆ ಬಳಿದರೆ ಗಾಢ. ಅರಿಶಿನದ ನೀರು ಬಳಿದು, ಒಣಗಿಸಿ, ಸುಣ್ಣದ ತಿಳಿನೀರಿನಲ್ಲಿ ಕಡ್ಡಿ ಅದ್ದಿ ಗೆರೆ ಎಳೆದು ನೋಡಿ: ಹಳದಿಯ ಮೇಲೆ ಕೆಂಪು ಮೂಡುತ್ತದೆ. ಆರತಿಯ ತಟ್ಟೆಯ ಓಕುಳಿ ಕೆಂಪಾಗುವುದೂ ಹೀಗೆಯೇ. ಸುಣ್ಣದ ಕ್ಷಾರ ತಾಗಿದೊಡನೆ ಅರಿಶಿನ ಬಣ್ಣ ಬದಲಿಸುತ್ತದೆ. ಈ ಕೆಂಪು ಬಹಳ ಕಾಲ ನಿಲ್ಲುವುದಿಲ್ಲ, ಅರಿಶಿನವೂ ಬಿಸಿಲಿಗೆ ಮಂಕಾಗುತ್ತದೆ. ಮಂಕಾಗಲಿ ಬಿಡಿ, ಇದೇನೂ ಮ್ಯೂಸಿಯಂಗೆ ಹೋಗುವ ಚಿತ್ರವಲ್ಲ. ಸುಣ್ಣದ ನೀರು ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ, ಮಕ್ಕಳ ಕೈಗಂತೂ ಕೊಡಬೇಡಿ.

4. ಬಯೊಡೇಟಾ ಬರೆಯಬೇಡಿ

‘ನಾನು ಭಾವಜೀವಿ, ಪ್ರಕೃತಿಪ್ರೇಮಿ, ಸಂಗೀತ ಇಷ್ಟ’. ಈ ಸಾಲನ್ನು ಯಾರ ಪುಟಕ್ಕೆ ಹಾಕಿದರೂ ಹೊಂದುತ್ತದೆ. ಅದಕ್ಕೇ ಅದು ನಿಮ್ಮದಲ್ಲ. ನಿಮ್ಮ ಚಪ್ಪಲಿಯ ಯಾವ ಅಂಚು ಮೊದಲು ಸವೆಯುತ್ತದೆ? ಬೀಗದ ಕೈಗೊಂಚಲಿನಲ್ಲಿ ಯಾವ ಬೀಗದ್ದೆಂದು ಮರೆತುಹೋದ ಕೀ ಎಷ್ಟಿವೆ? ಮೊಣಕಾಲಿನ ಗಾಯದ ಗುರುತು ಎಲ್ಲಿಯದು? ಊಟದ ತಟ್ಟೆಯಲ್ಲಿ ಕೊನೆಗೆ ಉಳಿಸಿಕೊಳ್ಳುವುದು ಏನನ್ನು? ಅಮ್ಮ ಕರೆಯುವ ಹೆಸರು ಯಾವುದು, ಆಫೀಸಿನಲ್ಲಿ ಕರೆಯುವುದು ಯಾವುದು? ಹೀಗೆ ಐದು ಉತ್ತರ ಸಿಕ್ಕರೆ ಪುಟದ ಸರಕು ಸಿದ್ಧ. ಚಪ್ಪಲಿ ಬರೆಯಲು ಬರುವುದಿಲ್ಲ ಎನ್ನಬೇಡಿ. ಅದನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದರೂ ಚಿತ್ರವೇ.

5. ಮುಖ ಬರೆಯುವುದಾದರೆ ಕನ್ನಡಿ ಸಾಕು

ಜರ್ಮನಿಯ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, ಹದಿಮೂರರ ಹುಡುಗ, ಕನ್ನಡಿ ನೋಡಿಕೊಂಡು ತನ್ನನ್ನೇ ಬರೆದ. ದೊಡ್ಡವನಾದ ಮೇಲೆ ಅದೇ ಹಾಳೆಯ ಮೇಲೆ, ಇದು ತಾನು ಬಾಲಕನಾಗಿದ್ದಾಗ ಕನ್ನಡಿ ನೋಡಿ ಬರೆದದ್ದು ಎಂದು ಇಸವಿ ಸಮೇತ ಟಿಪ್ಪಣಿ ಹಾಕಿದ. ಆ ಹಾಳೆ ಇಂದಿಗೂ ವಿಯೆನ್ನಾದ ಆಲ್ಬರ್ಟಿನಾ ಸಂಗ್ರಹಾಲಯದಲ್ಲಿದೆ. ವಿನ್ಸೆಂಟ್ ವ್ಯಾನ್ ಗೋ ತನ್ನ ಸ್ವಚಿತ್ರಗಳಲ್ಲಿ ಬಹುಪಾಲನ್ನು ಬರೆದದ್ದು 1886ರಿಂದ 1888ರವರೆಗೆ ಪ್ಯಾರಿಸ್‌ನಲ್ಲಿದ್ದಾಗ. ಕೂತು ಪೋಸು ಕೊಡುವವರಿಗೆ ಕೊಡಲು ಕಾಸಿರಲಿಲ್ಲ, ಕನ್ನಡಿಯೊಳಗಿನವ ಕೂಲಿ ಕೇಳುತ್ತಿರಲಿಲ್ಲ.

ಒಂದು ಲೆಕ್ಕ ಗೊತ್ತಿದ್ದರೆ ಅರ್ಧ ಗೆದ್ದಂತೆ. ನೆತ್ತಿಯಿಂದ ಗಲ್ಲದವರೆಗಿನ ಉದ್ದದಲ್ಲಿ ಕಣ್ಣು ಬರುವುದು ಹೆಚ್ಚುಕಡಿಮೆ ನಟ್ಟನಡುವೆ. ಹೊಸಬರೆಲ್ಲ ಅದನ್ನು ಮೇಲಕ್ಕೆ ಏರಿಸಿ ಹಣೆಯನ್ನೇ ನುಂಗಿಹಾಕುತ್ತಾರೆ. ಸೆಲ್ಫಿ ನೋಡಿ ಬರೆಯಬೇಡಿ. ಹತ್ತಿರದಿಂದ ತೆಗೆದ ಫೋಟೋದಲ್ಲಿ ಮೂಗು ದೊಡ್ಡದಾಗಿ, ಕಿವಿ ಹಿಂದಕ್ಕೆ ಸರಿದಿರುತ್ತದೆ.

ಹೋಲಿಕೆ ಬರಲಿಲ್ಲವೆಂಬ ಚಿಂತೆ ಕಾಡಿದರೆ ಇನ್ನೊಂದು ದಾರಿಯಿದೆ. ಹಾಳೆಯ ಕಡೆ ನೋಡಲೇಬೇಡಿ. ಕಣ್ಣು ಕನ್ನಡಿಯಲ್ಲಿರಲಿ, ಪೆನ್ನು ಹಾಳೆ ಬಿಟ್ಟು ಮೇಲೇಳದಿರಲಿ, ದವಡೆಯ ಅಂಚಿನ ಮೇಲೆ ಕಣ್ಣು ಹರಿದಷ್ಟೇ ನಿಧಾನಕ್ಕೆ ಕೈಯೂ ಹರಿಯಲಿ. ಕಿಮೊನ್ ನಿಕೊಲೈಡಿಸ್ ಎಂಬ ಅಮೆರಿಕದ ಚಿತ್ರಕಲಾ ಶಿಕ್ಷಕರ ಪಾಠಗಳು 1941ರಲ್ಲಿ ಪುಸ್ತಕವಾಗಿ ಬಂದಾಗ ಈ ಅಭ್ಯಾಸ ಎಲ್ಲೆಡೆ ಹಬ್ಬಿತು. ಬರುವ ಚಿತ್ರ ವಕ್ರವೇ. ಆದರೆ ಆ ವಕ್ರ ಗೆರೆಯಲ್ಲಿ ನೋಡಿದವರ ಗಮನ ಇರುತ್ತದೆ, ಗೊಂಬೆಮುಖದಲ್ಲಿ ಇರುವುದಿಲ್ಲ. ನನ್ನ ಮತವಂತೂ ವಕ್ರದ ಕಡೆಗೇ.

6. ಒಂದೇ ಮುಖ ಸಾಲದು

ಶಿವರಾಮ ಕಾರಂತರ ಆತ್ಮಕಥೆಯ ಹೆಸರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’. ಅದೇನೂ ಅಲಂಕಾರಕ್ಕೆ ಇಟ್ಟ ಹೆಸರಲ್ಲ. ಕಾದಂಬರಿ, ಯಕ್ಷಗಾನ, ಮೂಕಿಚಿತ್ರ, ಮಕ್ಕಳಿಗೆ ವಿಶ್ವಕೋಶ, ಪರಿಸರ ಹೋರಾಟ ಎಲ್ಲವನ್ನೂ ಒಬ್ಬರೇ ಮಾಡಿದರು. ನಿಮ್ಮ ಪುಟವನ್ನೂ ಹತ್ತು ಚೌಕ ಮಾಡಿಕೊಳ್ಳಿ. ಬ್ಯಾಂಕಿನ ಕೌಂಟರಿನ ಹಿಂದೆ ಕೂತ ಮುಖ, ಮಗುವಿಗೆ ಹೋಮ್‌ವರ್ಕ್ ಹೇಳಿಕೊಡುವ ಮುಖ, ಅತ್ತೆ ಬಂದಾಗಿನ ಮುಖ, ಕ್ರಿಕೆಟ್ ಸೋತ ರಾತ್ರಿಯ ಮುಖ. ಮುಖದ ಬದಲು ಒಂದು ವಸ್ತು ಬರೆದರೂ ಸರಿ: ಹಾಜರಿ ಪುಸ್ತಕ, ಕುಕ್ಕರಿನ ಸೀಟಿ, ಸ್ಕೂಟರಿನ ಹ್ಯಾಂಡಲ್. ಏಳನೆಯ ಚೌಕಕ್ಕೆ ಬರುವಷ್ಟರಲ್ಲಿ ಸರಕು ಮುಗಿದಂತಾಗುತ್ತದೆ. ಅಲ್ಲಿ ಎದ್ದು ಹೋಗಬೇಡಿ. ಕೊನೆಯ ಮೂರು ಚೌಕಗಳಲ್ಲಿ ಬರುವುದೇ ಯಾರಿಗೂ ಹೇಳದ ಸಂಗತಿ.

7. ಗೆರೆ ಅಳಿಸಬೇಡಿ

ರಬ್ಬರನ್ನು ಡ್ರಾಯರಿನಲ್ಲೇ ಬಿಡಿ, ಪೆನ್ನಿನಲ್ಲೇ ಬರೆಯಿರಿ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ. ಕೆ. ಹೆಬ್ಬಾರರು ಲಯ ತಿಳಿಯಲೆಂದು ಕಥಕ್ ಕಲಿತವರು. ಅವರ ರೇಖಾಚಿತ್ರದಲ್ಲಿ ಕುಣಿಯುವವರ ಮೈ ಕೆಲವೇ ಗೆರೆಗಳಲ್ಲಿ ಮುಗಿಯುತ್ತದೆ. ನಮ್ಮ ಗೆರೆ ಅಷ್ಟು ಎತ್ತರಕ್ಕೆ ಹೋಗದು, ನಿಜ. ಅಳಿಸಿ ಅಳಿಸಿ ಬರೆದರೆ ಎಂದೂ ಹೋಗದು.

8. ಬರೆಯಲು ಬೇಸರವಾದರೆ ಎಣಿಸಿ

ಜಾರ್ಜಿಯಾ ಲುಪಿ ನ್ಯೂಯಾರ್ಕಿನಲ್ಲಿ, ಸ್ಟೆಫಾನಿ ಪೊಸಾವೆಕ್ ಲಂಡನ್ನಿನಲ್ಲಿ. ಇಬ್ಬರೂ ವಿನ್ಯಾಸಕಾರರು. ವಾರಕ್ಕೊಂದು ವಿಷಯ ಆರಿಸಿಕೊಂಡು (ಎಷ್ಟು ಸಲ ಗೊಣಗಿದೆ, ಎಷ್ಟು ಸಲ ಗಡಿಯಾರ ನೋಡಿದೆ ಎಂಬಂಥವು) ಎಣಿಸಿ, ಆ ಎಣಿಕೆಯನ್ನು ಚುಕ್ಕಿ, ಗೆರೆ, ಬಣ್ಣಗಳ ಚಿತ್ರವಾಗಿಸಿ ಪೋಸ್ಟ್‌ಕಾರ್ಡಿನಲ್ಲಿ ಒಬ್ಬರಿಗೊಬ್ಬರು ಕಳಿಸಿದರು. 52 ವಾರ ಇದು ನಡೆಯಿತು. 2016ರಲ್ಲಿ ‘ಡಿಯರ್ ಡೇಟಾ’ ಎಂಬ ಪುಸ್ತಕವಾಯಿತು. ಹೂವು ಬರೆಯಲು ಬಾರದವರಿಗೂ ಚುಕ್ಕಿ ಇಡಲು ಬರುತ್ತದಲ್ಲ, ರಂಗೋಲಿಯ ನಾಡಿನವರು ನಾವು. ಒಂದು ವಾರ ಕುಡಿದ ಕಾಫಿಗೆ ಕಂದು ಚುಕ್ಕಿ, ಅಮ್ಮನಿಗೆ ಮಾಡಿದ ಫೋನಿಗೆ ಹಸಿರು, ‘ಆಮೇಲೆ ಮಾಡ್ತೀನಿ’ ಎಂದದ್ದಕ್ಕೆ ಕೆಂಪು. ವಾರದ ಕೊನೆಗೆ ಪುಟ ನೋಡಿ. ನಿಮ್ಮ ಬಗ್ಗೆ ನಿಮಗಿದ್ದ ಅಭಿಪ್ರಾಯ ಕೆಂಪು ಚುಕ್ಕಿಗಳ ಎದುರು ನಿಲ್ಲುತ್ತದೋ ಇಲ್ಲವೋ ಗೊತ್ತಾಗಿಬಿಡುತ್ತದೆ.

9. ಅಂಟಿಸಿ, ಆದರೆ ತಿಳಿದು ಅಂಟಿಸಿ

ಬಸ್ ಟಿಕೆಟ್, ಬಟ್ಟೆ ಅಂಗಡಿಯ ಚೀಟಿ, ಮದುವೆ ಕರೆಯೋಲೆಯ ಮೂಲೆ, ಅಜ್ಜನ ಇನ್‌ಲ್ಯಾಂಡ್ ಲೆಟರಿನ ವಿಳಾಸ ಎಲ್ಲವೂ ಪುಟಕ್ಕೆ ಆಗುತ್ತವೆ. 2023ರ ಜೂನ್‌ನಲ್ಲಿ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಲಕ್ಷಾಂತರ ಹೆಣ್ಣುಮಕ್ಕಳ ಪರ್ಸಿನಲ್ಲಿ ಶೂನ್ಯ ಟಿಕೆಟ್ ಸೇರಿಕೊಂಡಿದೆ. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬುದು ಅದರಲ್ಲೇ ಅಚ್ಚಾಗಿದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ? ಯಂತ್ರದಿಂದ ಬರುವ ಇಂಥ ಚೀಟಿಗಳು ಬಹುತೇಕ ಥರ್ಮಲ್ ಕಾಗದ. ಶಾಯಿಯಿಲ್ಲದೆ ಬಿಸಿಯಿಂದ ಮೂಡಿದ ಅಕ್ಷರ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಜೆರಾಕ್ಸ್ ಮಾಡಿಸಿ ಅದನ್ನೇ ಅಂಟಿಸಿ. ಫೆವಿಕಾಲ್ ಒದ್ದೆಯಾಗಿರುವುದರಿಂದ ತೆಳು ಹಾಳೆ ಸುಕ್ಕುಗಟ್ಟುತ್ತದೆ, ಗ್ಲೂ ಸ್ಟಿಕ್ ವಾಸಿ. ಅಂಟು ಆರುವ ತನಕ ಪುಟಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ. ಪುಸ್ತಕದ ಹೊಟ್ಟೆ ಉಬ್ಬತೊಡಗಿದರೆ ನಡುನಡುವೆ ಒಂದೊಂದು ಖಾಲಿ ಹಾಳೆಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ.

10. ಜಗಳವಾಡುವ ಭಾಷೆಯಲ್ಲಿ ಬರೆಯಿರಿ

ಪುಟದ ಮಾತು ಶುದ್ಧ ಗ್ರಾಂಥಿಕ ಆಗಬೇಕಿಲ್ಲ. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಸುಭಾಷಿತ ಆಗಲೇಬಾರದು. ಧಾರವಾಡದವರು ಧಾರವಾಡದ್ದರಲ್ಲಿ, ಕುಂದಾಪುರದವರು ಕುಂದಾಪುರದ್ದರಲ್ಲಿ. ಮನೆಯಲ್ಲಿ ತುಳುವೋ ಕೊಂಕಣಿಯೋ ಉರ್ದುವೋ ಆದರೆ ಅದರಲ್ಲೇ, ಕನ್ನಡ ಲಿಪಿಯಲ್ಲಿ. ಅಕ್ಷರ ದುಂಡಗಿಲ್ಲವೆಂದು ಟೈಪ್ ಮಾಡಿ ಪ್ರಿಂಟ್ ತೆಗೆದು ಅಂಟಿಸುವವರಿದ್ದಾರೆ. ದಯವಿಟ್ಟು ಬೇಡ. ಕೈಬರಹದಷ್ಟು ನಿಮ್ಮದಾದ ಗೆರೆ ಆ ಪುಟದಲ್ಲಿ ಇನ್ನೊಂದಿರುವುದಿಲ್ಲ.

11. ನೋವಿಗೂ ಜಾಗ ಕೊಡಿ

ಮೆಕ್ಸಿಕೊದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೊ 1925ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬಸ್ ಅಪಘಾತಕ್ಕೆ ಸಿಕ್ಕಿ ಬದುಕಿಡೀ ನೋವು ಉಂಡವರು. ಕೊನೆಯ ಹತ್ತು ವರ್ಷ, 1954ರಲ್ಲಿ ತೀರಿಕೊಳ್ಳುವವರೆಗೂ, ಅವರು ಬಣ್ಣದ ಡೈರಿಯೊಂದನ್ನು ಇಟ್ಟಿದ್ದರು. ಚೆಲ್ಲಿದ ಶಾಯಿಯ ಕಲೆಗಳು ಅದರಲ್ಲಿ ಮುಖಗಳಾಗಿವೆ, ಪ್ರಾಣಿಗಳಾಗಿವೆ. 1953ರಲ್ಲಿ ಬಲಗಾಲು ಕತ್ತರಿಸಬೇಕಾಗಿ ಬಂದಾಗ ಆ ಪಾದವೂ ಡೈರಿಯ ಚಿತ್ರವಾಯಿತು. ಗೋಡೆಯ ಮೇಲೆ ತೂಗುವ ಅವರ ಚಿತ್ರಗಳಲ್ಲಿ ಕಾಣುವ ಅಚ್ಚುಕಟ್ಟು ಇಲ್ಲಿಲ್ಲ, ಇರಬೇಕಾದ್ದೂ ಇಲ್ಲ. ಈಚೆಗೆ ಆರ್ಟ್ ಜರ್ನಲ್ ಎಂದರೆ ತಿಳಿಗುಲಾಬಿ ಹೂವು, ಚಿನ್ನದ ಅಕ್ಷರ ಎಂಬಂತಾಗಿದೆ. ಸಿಟ್ಟಿದ್ದ ದಿನ ಹೂವು ಬರೆಯಬೇಡಿ. ಬೇರೆಯವರ ಕಣ್ಣಿಗೆ ಬೀಳಬಾರದ ಮಾತಿದ್ದರೆ ಚೀಟಿಯಲ್ಲಿ ಬರೆದು, ಲಕೋಟೆಗೆ ಹಾಕಿ, ಆ ಲಕೋಟೆಯನ್ನೇ ಪುಟಕ್ಕೆ ಅಂಟಿಸಿ. ಸಾಕ್ಷಿ ಉಳಿಯುತ್ತದೆ, ಗುಟ್ಟೂ ಉಳಿಯುತ್ತದೆ.

12. ಹತ್ತು ಪುಟದ ತನಕ ಫೋನಿಗೆ ತೋರಿಸಬೇಡಿ

ಮೊದಲ ಪುಟದ ಫೋಟೋ ಸ್ಟೇಟಸ್‌ಗೆ ಹೋಯಿತೆಂದರೆ ಎರಡನೆಯ ಪುಟವನ್ನು ಬರೆಯುವವರು ನೀವಲ್ಲ, ಮೆಚ್ಚಿದವರು. ಪುಟದ ಮೂಲೆಯಲ್ಲಿ ದಿನಾಂಕ, ಊರು ಹಾಕಿ ಪುಸ್ತಕ ಮುಚ್ಚಿ. ಮುಂದಿನ ವರ್ಷ ಅದೇ ತಿಂಗಳಲ್ಲಿ ಹಳೆಯ ಪುಟವನ್ನು ತೆರೆಯದೆ ಇನ್ನೊಮ್ಮೆ ನಿಮ್ಮ ಪುಟ ಬರೆಯಿರಿ, ಆಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸದ್ಯಕ್ಕೆ ಬೀರು ತೆಗೆದು ಆ ಖಾಲಿ ಪುಸ್ತಕ ಹುಡುಕಿ. ಬಣ್ಣ ಇಲ್ಲವೆಂದು ಭಾನುವಾರಕ್ಕೆ ಮುಂದೂಡಬೇಡಿ, ಡಿಕಾಕ್ಷನ್ ಇಂದೇ ಮಿಕ್ಕಿರುತ್ತದೆ.