ಲಕೋಟೆ ಮತ್ತು ಚೀಟಿ: ಹ್ಯಾಸ್ಕೆಲ್‌ನಿಂದ ವೆಬ್ ಪುಟ ಬರೆಸುವ ಒಂದು ಪಾಠ

ತರಗತಿ: ಪದವಿಪೂರ್ವ, ದ್ವಿತೀಯ ವರ್ಷ
ವಿಷಯ: ಗಣಕ ವಿಜ್ಞಾನ
ಅವಧಿ: ಎರಡು ಪೀರಿಯಡ್‌ಗಳು
ಬೋಧನೋಪಕರಣಗಳು: ದೊಡ್ಡ ಲಕೋಟೆ 1, ಸಣ್ಣ ಲಕೋಟೆ 3, ಚೀಟಿ 3, ಬ್ರೌಸರ್ ಇರುವ ಒಂದು ಗಣಕಯಂತ್ರ, ಕರಿಹಲಗೆ

ಕಲಿಕಾ ಉದ್ದೇಶಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
1. ಎಚ್‌ಟಿಎಂಎಲ್ ಪುಟವು ಅಕ್ಷರಗಳ ಸಾಲಲ್ಲ, ಒಂದು ವೃಕ್ಷ ಎಂಬುದನ್ನು ಚಿತ್ರ ಬರೆದು ವಿವರಿಸುವನು.
2. ಪಠ್ಯಕ್ಕೂ ಅಂಶಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಂದಿಗೆ ಹೇಳುವನು.
3. ವೃಕ್ಷವನ್ನು ಗುರುತುಗಳಾಗಿ ಬದಲಿಸುವ ಫಂಕ್ಷನ್ನನ್ನು ಹಂತ ಹಂತವಾಗಿ ಬಿಡಿಸುವನು.

ಪೂರ್ವಜ್ಞಾನ

ವಿದ್ಯಾರ್ಥಿಗಳಿಗೆ ಪಟ್ಟಿ ಮಾಡುವ ಟ್ಯಾಗ್‌ಗಳಾದ ಯುಎಲ್, ಎಲ್‌ಐ ಗೊತ್ತಿವೆ. ಒಂದು ಬೆಲೆ ಕೊಟ್ಟರೆ ಒಂದೇ ಉತ್ತರ ಬರುತ್ತದೆ ಎಂಬ ಫಂಕ್ಷನ್ನಿನ ಅರ್ಥ ಗಣಿತದಿಂದ ಪರಿಚಿತ. ಹ್ಯಾಸ್ಕೆಲ್ ಮಾತ್ರ ಹೊಸದು. 1990ರಲ್ಲಿ ಹೊರಬಂದ ಈ ಭಾಷೆಗೆ ತರ್ಕಶಾಸ್ತ್ರಜ್ಞ ಹ್ಯಾಸ್ಕೆಲ್ ಕರಿ ಅವರ ಹೆಸರಿಟ್ಟಿದ್ದಾರೆ. ಇದರಲ್ಲಿ ಫಂಕ್ಷನ್ ಎಂದರೆ ಗಣಿತದ ಫಂಕ್ಷನ್ನೇ. ಪರಿಚಯಕ್ಕೆ ಇಷ್ಟು ಸಾಕು.

ಪೀಠಿಕೆ

ಅಸಮತೆಯ ಮೂರು ಸಾಲುಗಳನ್ನು ಒಂದು ಪಟ್ಟಿಯಾಗಿ ಬ್ರೌಸರ್‌ನಲ್ಲಿ ತೋರಿಸಬೇಕು ಎಂದು ಹೇಳಿ.

3<5
ಎ<ಬಿ ಆದರೆ ಬಿ>ಎ
ಕ<ಖ

ಎರಡನೆಯ ಸಾಲಿನ ಎ, ಬಿ ಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಪ್ರತಿ ಸಾಲಿನ ಹಿಂದೆ ಮುಂದೆ ಎಲ್‌ಐ ಟ್ಯಾಗ್ ಅಂಟಿಸಿ, ಪುಟ ತೆರೆಯುವ ಮೊದಲು ಏನು ಕಾಣಬಹುದೆಂದು ಕೇಳಿ. ಆಮೇಲೆ ತೆರೆಯಿರಿ.

ಮೊದಲ ಸಾಲು ಸರಿಯಾಗಿದೆ. ಎರಡನೆಯದರಲ್ಲಿ ಎರಡು ಎ ಗಳು ಮಾತ್ರ ಉಳಿದಿವೆ, ಎರಡನೆಯ ಎ ದಪ್ಪಕ್ಷರದಲ್ಲಿದೆ. ಮೂರನೆಯ ಸಾಲು ಪೂರ್ತಿ ಕಾಣುತ್ತದೆ, ಆದರೆ ಅದೂ ದಪ್ಪವಾಗಿದೆ!

ಕಾರಣ ಹೀಗೆ: '<' ಚಿಹ್ನೆಯ ಪಕ್ಕದಲ್ಲೇ ಇಂಗ್ಲಿಷ್ ಅಕ್ಷರ ಬಂದರೆ ಬ್ರೌಸರ್ ಅದನ್ನು ಟ್ಯಾಗಿನ ಆರಂಭ ಎಂದು ತಿಳಿಯುತ್ತದೆ. ಅಂಕಿಯೋ ಕನ್ನಡ ಅಕ್ಷರವೋ ಬಂದರೆ ಬರೀ ಚಿಹ್ನೆಯಾಗಿ ತೋರಿಸುತ್ತದೆ. ಬಿ ಎಂಬುದು ದಪ್ಪಕ್ಷರದ ಟ್ಯಾಗ್. ಅದನ್ನು ಯಾರೂ ಮುಚ್ಚಲಿಲ್ಲವಾದ್ದರಿಂದ ಮುಂದಿನ ಸಾಲಿಗೂ ಹರಡಿತು. ಅಂಕಿಗಳಿಂದ ಮಾತ್ರ ಪರೀಕ್ಷಿಸಿದವನಿಗೆ ಈ ದೋಷ ಸಿಕ್ಕುವುದೇ ಇಲ್ಲ.

ಇಲ್ಲಿ ಕೆಟ್ಟದ್ದು ಅಂದ ಮಾತ್ರ. ಆದರೆ ಆ ಜಾಗದಲ್ಲಿ ಅಪರಿಚಿತನೊಬ್ಬ ಫಾರಂನಲ್ಲಿ ತುಂಬಿದ ಸಾಲು ಇದ್ದು, ಅದರಲ್ಲಿ ಸ್ಕ್ರಿಪ್ಟ್ ಟ್ಯಾಗ್ ಇದ್ದರೆ, ಪುಟ ನೋಡುವ ಪ್ರತಿಯೊಬ್ಬರ ಬ್ರೌಸರ್‌ನಲ್ಲೂ ಅವನ ಪ್ರೋಗ್ರಾಂ ಓಡುತ್ತದೆ. ಪಾಠದ ಮಹತ್ವ ಇಲ್ಲಿದೆ ಎಂದು ತರಗತಿಗೆ ಸ್ಪಷ್ಟವಾಗಿ ತಿಳಿಸಿ.

ವಿಷಯ ಮಂಡನೆ

ಹಂತ 1: ಲಕೋಟೆ ಚಟುವಟಿಕೆ. ಮೂರು ಸಾಲುಗಳನ್ನು ಮೂರು ಚೀಟಿಗಳಲ್ಲಿ ಬರೆಸಿ. ಎಲ್‌ಐ ಎಂದು ಬರೆದ ಸಣ್ಣ ಲಕೋಟೆಗಳಲ್ಲಿ ಒಂದೊಂದು ಚೀಟಿ ಹಾಕಿಸಿ. ಮೂರನ್ನೂ ಯುಎಲ್ ಎಂದು ಬರೆದ ದೊಡ್ಡ ಲಕೋಟೆಯೊಳಗೆ ಇಡಿಸಿ. ಈಗ ಕೇಳಿ: ಚೀಟಿಯೊಳಗೆ ಲಕೋಟೆ ಹಾಕಬಹುದೇ? ಒಂದು ಲಕೋಟೆ ಅರ್ಧ ಒಳಗೆ, ಅರ್ಧ ಹೊರಗೆ ಇರಬಹುದೇ? ಲಕೋಟೆ ಮುಚ್ಚಲು ಮರೆತರೆ ಅದರೊಳಗಿನದು ಪಕ್ಕದ ಲಕೋಟೆಗೆ ಹೋಗುವುದೇ? ಮೂರಕ್ಕೂ ಇಲ್ಲ ಎಂಬ ಉತ್ತರ ಮಕ್ಕಳಿಂದಲೇ ಬರಬೇಕು.

ಹಂತ 2: ಕರಿಹಲಗೆಗೆ ತರುವುದು. ಚೀಟಿಯೇ ಪಠ್ಯ, ಲಕೋಟೆಯೇ ಅಂಶ. ಎರಡನ್ನೂ ಸೇರಿಸಿ ನೋಡ್ ಎನ್ನೋಣ. ಹಲಗೆಯ ಮೇಲೆ ಹೆಸರುಗಳನ್ನು ಕನ್ನಡದಲ್ಲಿ ಬರೆದರೆ ಗಮನ ರಚನೆಯ ಮೇಲೆ ನಿಲ್ಲುತ್ತದೆ. ಪ್ರಯೋಗಾಲಯದಲ್ಲಿ ಇಂಗ್ಲಿಷ್ ಹೆಸರುಗಳನ್ನೇ ಬಳಸಬೇಕು.

ನೋಡ್ = ಪಠ್ಯ ಸ್ಟ್ರಿಂಗ್ | ಅಂಶ ಸ್ಟ್ರಿಂಗ್ [ನೋಡ್]

ಓದುವ ರೀತಿ: ನೋಡ್ ಎಂದರೆ ಒಂದು ಪಠ್ಯ, ಇಲ್ಲವೇ ಹೆಸರೂ ಒಳಗಿನ ನೋಡ್‌ಗಳ ಪಟ್ಟಿಯೂ ಇರುವ ಒಂದು ಅಂಶ. ಈಗ ನಮ್ಮ ಪಟ್ಟಿ:

ಸಾಲು ಸ = ಅಂಶ "ಎಲ್‌ಐ" [ಪಠ್ಯ ಸ]
ಪಟ್ಟಿ ಸಾಲುಗಳು = ಅಂಶ "ಯುಎಲ್" (ಮ್ಯಾಪ್ ಸಾಲು ಸಾಲುಗಳು)

ಮ್ಯಾಪ್ ಎಂಬುದು ಪಟ್ಟಿಯ ಪ್ರತಿ ಸದಸ್ಯನಿಗೂ ಒಂದೇ ಫಂಕ್ಷನ್ನನ್ನು ಅನ್ವಯಿಸುತ್ತದೆ. ಸಾಲು 3 ಇರಲಿ, 300 ಇರಲಿ, ಬರೆಯುವುದು ಇಷ್ಟೇ. ಇಲ್ಲಿಯವರೆಗೆ '<' ಚಿಹ್ನೆಯನ್ನು ನಾವು ಒಮ್ಮೆಯೂ ಬರೆದಿಲ್ಲ ಎಂಬುದನ್ನು ತೋರಿಸಿ.

ಹಂತ 3: ಗುರುತುಗಳನ್ನು ಬರೆಸುವುದು. ನೋಡ್‌ನಲ್ಲಿ ಎರಡು ಬಗೆ ಇರುವುದರಿಂದ ಫಂಕ್ಷನ್ನಿಗೂ ಎರಡು ಸಾಲು.

ಬರೆ (ಪಠ್ಯ ಸ) = ಕಾಪಾಡು ಸ
ಬರೆ (ಅಂಶ ಹೆಸರು ಮಕ್ಕಳು) = "<" ++ ಹೆಸರು ++ ">" ++ ಕಾನ್‌ಕ್ಯಾಟ್‌ಮ್ಯಾಪ್ ಬರೆ ಮಕ್ಕಳು ++ "</" ++ ಹೆಸರು ++ ">"

++ ಎಂದರೆ ಜೋಡಿಸು. ಕಾನ್‌ಕ್ಯಾಟ್‌ಮ್ಯಾಪ್ ಎಂದರೆ ಎಲ್ಲಕ್ಕೂ ಅನ್ವಯಿಸಿ ಬಂದ ಉತ್ತರಗಳನ್ನು ಒಂದಾಗಿ ಜೋಡಿಸು. ತೆರೆಯುವ ಗುರುತೂ ಮುಚ್ಚುವ ಗುರುತೂ ಒಂದೇ ಸಾಲಿನಲ್ಲಿ, ಒಂದೇ ಹೆಸರಿನಿಂದ ಬರುತ್ತವೆ. ಮುಚ್ಚಲು ಮರೆಯುವ ಅವಕಾಶವೇ ಇಲ್ಲ. ಇನ್ನು ಉಳಿದದ್ದು ಕಾಪಾಡು:

ಕಾಪಾಡು = ಕಾನ್‌ಕ್ಯಾಟ್‌ಮ್ಯಾಪ್ ಬದಲಿ
ಬದಲಿ '<' = "&ಎಲ್‌ಟಿ;"
ಬದಲಿ '>' = "&ಜಿಟಿ;"
ಬದಲಿ '&' = "&ಎಎಂಪಿ;"
ಬದಲಿ ಅ = [ಅ]

ಕೊನೆಯ ಸಾಲು ಉಳಿದ ಯಾವ ಅಕ್ಷರವಾದರೂ ಹಾಗೇ ಇರಲಿ ಎನ್ನುತ್ತದೆ. ಇಡೀ ಪುಟದಲ್ಲಿ ಈ ಕೆಲಸ ನಡೆಯುವ ಜಾಗ ಒಂದೇ: ಪಠ್ಯವು ಗುರುತಾಗುವ ಹೊಸ್ತಿಲು. ಸ್ಟ್ರಿಂಗ್‌ಗಳನ್ನು ಅಂಟಿಸುತ್ತಾ ಹೋದರೆ, ಕೈಯಲ್ಲಿರುವ ಸ್ಟ್ರಿಂಗ್ ಈಗಾಗಲೇ ಕಾಪಾಡಿದ್ದೋ ಅಲ್ಲವೋ ಎಂದು ನೋಡಿ ಹೇಳಲಾಗದು. ಇಲ್ಲಿ ಸ್ಟ್ರಿಂಗ್ ಬೇರೆ, ನೋಡ್ ಬೇರೆ. 'ಪಠ್ಯ' ಎಂದು ಹೇಳದೆ ಬರೀ ಸ್ಟ್ರಿಂಗ್ಅನ್ನು ಮಕ್ಕಳ ಪಟ್ಟಿಗೆ ಸೇರಿಸಿದರೆ ಕಂಪೈಲರ್ ಒಪ್ಪುವುದಿಲ್ಲ. ಪುಟ ತೆರೆದಾಗ ಕಾಣಬೇಕಿದ್ದ ತಪ್ಪು, ಪ್ರೋಗ್ರಾಂ ಓಡುವ ಮೊದಲೇ ಸಿಕ್ಕಿಬೀಳುತ್ತದೆ.

ಅನ್ವಯ

ಎರಡನೆಯ ಚೀಟಿಯನ್ನು ತೆಗೆದುಕೊಂಡು 'ಬರೆ' ಫಂಕ್ಷನ್ನನ್ನು ಹಲಗೆಯ ಮೇಲೆ ವಿದ್ಯಾರ್ಥಿಗಳಿಂದ ಬಿಡಿಸಿ. ಬರಬೇಕಾದ ಉತ್ತರ:

<ಎಲ್‌ಐ>ಎ&ಎಲ್‌ಟಿ;ಬಿ ಆದರೆ ಬಿ&ಜಿಟಿ;ಎ</ಎಲ್‌ಐ>

ಇದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಬ್ರೌಸರ್‌ನಲ್ಲಿ ತೆರೆದರೆ ಅಸಮತೆ ಇದ್ದಂತೆಯೇ ಕಾಣುತ್ತದೆ.

ಮೌಲ್ಯಮಾಪನ

1. ಅಂಶ "ಪಿ" [] ಎಂಬ ಖಾಲಿ ಲಕೋಟೆಗೆ 'ಬರೆ' ಏನು ಕೊಡುತ್ತದೆ?
2. 'ಕಾಪಾಡು' ಎರಡು ಸಲ ಅನ್ವಯವಾದರೆ 3<5 ಎಂಬ ಸಾಲು ಬ್ರೌಸರ್‌ನಲ್ಲಿ ಹೇಗೆ ಕಾಣುತ್ತದೆ? ಏಕೆ?
3. ಬಿಆರ್ ಎಂಬ ಅಂಶಕ್ಕೆ ಮುಚ್ಚುವ ಗುರುತಿಲ್ಲ. ನೋಡ್‌ನ ವ್ಯಾಖ್ಯೆಗೆ ಏನನ್ನು ಸೇರಿಸಬೇಕು?

ಎರಡನೆಯ ಪ್ರಶ್ನೆಗೆ ಹೆಚ್ಚು ಸಮಯ ಕೊಡಿ. ಮೊದಲ ಸಲದಲ್ಲಿ ಹುಟ್ಟಿದ '&' ಎರಡನೆಯ ಸಲದಲ್ಲಿ ತಾನೇ ಬದಲಾಗುತ್ತದೆ; ಓದುಗನಿಗೆ '<' ಬದಲು &ಎಲ್‌ಟಿ; ಎಂಬ ಅಕ್ಷರಗಳೇ ಕಾಣುತ್ತವೆ. ಕಾಪಾಡದಿರುವುದು ಹೇಗೆ ತಪ್ಪೋ ಎರಡು ಸಲ ಕಾಪಾಡುವುದೂ ಹಾಗೆಯೇ ತಪ್ಪು ಎಂದು ಅರಿತ ವಿದ್ಯಾರ್ಥಿಗೆ, ಆ ಕೆಲಸ ಒಂದೇ ಕಡೆ ಏಕಿರಬೇಕು ಎಂಬುದನ್ನು ಮತ್ತೆ ಹೇಳಿಕೊಡಬೇಕಿಲ್ಲ.

ಪ್ರಶಿಕ್ಷಣಾರ್ಥಿಗಳ ಗಮನಕ್ಕೆ

ಈ ಮಾದರಿ ಎಲ್ಲ ಅಪಾಯವನ್ನೂ ತಡೆಯುತ್ತದೆ ಎಂದು ತರಗತಿಯಲ್ಲಿ ಹೇಳಬಾರದು. ಟ್ಯಾಗಿನ ಗುಣಗಳನ್ನು ಸೇರಿಸಿದಾಗ ಅವುಗಳ ಬೆಲೆಯಲ್ಲಿ ಬರುವ ಉದ್ಧರಣ ಚಿಹ್ನೆಗಳನ್ನೂ ಬದಲಿಸಬೇಕು. ಸ್ಕ್ರಿಪ್ಟ್ ಅಂಶದ ಒಳಗಿನ ಬರಹಕ್ಕೆ ಬೇರೆಯೇ ನಿಯಮವಿದೆ. ಕೊಂಡಿಯ ವಿಳಾಸದಲ್ಲೇ ಅಡಗಿಸಿಟ್ಟ ಪ್ರೋಗ್ರಾಂ 'ಕಾಪಾಡು' ಫಂಕ್ಷನ್ನಿಗೆ ಸಿಕ್ಕುವುದಿಲ್ಲ.

ಮುಂದೆ ಓದುವವರಿಗೆ ಹ್ಯಾಸ್ಕೆಲ್‌ನ ಬ್ಲೇಜ್, ಲೂಸಿಡ್ ಲೈಬ್ರರಿಗಳನ್ನೂ ಎಲ್ಮ್ ಭಾಷೆಯನ್ನೂ ಸೂಚಿಸಬಹುದು. ಅಲ್ಲಿ ಹೆಸರುಗಳು ಬೇರೆ, ಸೌಲಭ್ಯಗಳು ಹೆಚ್ಚು. ಆದರೆ ಚೀಟಿ ಯಾವುದು, ಲಕೋಟೆ ಯಾವುದು ಎಂದು ವಿದ್ಯಾರ್ಥಿಗಳು ತಾವೇ ಗುರುತಿಸಬಲ್ಲರು.

ಮನೆಗೆಲಸ: ತಮ್ಮ ತರಗತಿಯ ವೇಳಾಪಟ್ಟಿಯ ಒಂದು ದಿನವನ್ನು ಲಕೋಟೆ–ಚೀಟಿ ಚಿತ್ರವಾಗಿ ಬರೆದು, ಅದಕ್ಕೆ ಹೊಂದುವ ನೋಡ್ ಬರೆದು ತರುವುದು.