ಹಸಿರುಮನೆಗೆ ಸೋಲಾರ್: ಸಾಲಕ್ಕೆ ಸಹಿ ಹಾಕುವ ಮುನ್ನ



ಈ ತಿಂಗಳ ಪಾಠಕ್ಕೆ ವಿಷಯ ಕೊಟ್ಟವರು ಭದ್ರಾವತಿಯ ಒಂದು ಸಂಘದವರು. 2015ರಲ್ಲಿ ಎಂ.ಪಿ.ಎಂ. ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ ಮೇಲೆ ಅವರಲ್ಲಿ ಹಲವರ ಮನೆಗೆ ತಿಂಗಳ ಸಂಬಳ ಬರುವುದು ನಿಂತುಹೋಯಿತು. ಈಗ ಒಬ್ಬ ಸದಸ್ಯೆಯ ಒಂದು ಗುಂಟೆ ಹಿತ್ತಲಲ್ಲಿ ಹಸಿರುಮನೆ (ಪಾಲಿಹೌಸ್) ಕಟ್ಟಿ, ತರಕಾರಿ ಬೆಳೆದು ಶಿವಮೊಗ್ಗಕ್ಕೆ ಕಳಿಸಬೇಕೆಂಬ ಆಸೆ. ಬಣ್ಣದ ಕ್ಯಾಟಲಾಗ್ ಹಿಡಿದು ಬಂದವರೊಬ್ಬರು ಮಾಡಿನ ತುಂಬ ಸೋಲಾರ್ ಪ್ಯಾನೆಲ್ ಹಾಕಿಸಿ ಎಂದಿದ್ದಾರೆ. "ಸಿಸ್ಟರೇ, ಮೇಲೆ ಕರೆಂಟು, ಕೆಳಗೆ ಟೊಮೇಟೊ, ಎರಡೂ ಸಿಗುತ್ತಲ್ವಾ? ಬ್ಯಾಂಕ್ ಸಾಲಕ್ಕೆ ಸಹಿ ಹಾಕಿಬಿಡೋಣ್ವಾ?" ಎಂದು ಕೇಳಿದರು. ಸ್ವಲ್ಪ ತಾಳಿ ಅಂದೆ. ಯಾಕೆ ಹಾಗಂದೆ ಎಂಬುದೇ ಈ ಪಾಠ.

ಬೆಳೆ, ಪ್ಯಾನೆಲ್ ಎರಡೂ ಒಂದೇ ಜಾಗದಲ್ಲಿ ಇರಬಹುದು ಎಂಬ ಯೋಚನೆ ಸುಳ್ಳಲ್ಲ. ಪ್ಯಾನೆಲ್‌ಗಳನ್ನು ಎತ್ತರದಲ್ಲಿ, ಬಿಡಿಬಿಡಿಯಾಗಿ ನಿಲ್ಲಿಸಿದರೆ ಕೆಳಗೆ ಆಲೂಗಡ್ಡೆ ಬೆಳೆಯಬಹುದು ಎಂದು ಜರ್ಮನಿಯ ವಿಜ್ಞಾನಿ ಅಡಾಲ್ಫ್ ಗೋಟ್ಸ್‌ಬರ್ಗರ್ 1981ರಲ್ಲೇ ಬರೆದಿದ್ದರು. ರೋಮಿನ ಹತ್ತಿರದ ಸಾಂತಾ ಮರಿಯಾ ದಿ ಗಲೇರಿಯಾದಲ್ಲಿ ಇಂಥದ್ದೇ ಕೃಷಿ-ಸೌರ ಸ್ಥಾವರ ಕಟ್ಟಲು ಪೋಪ್ ಫ್ರಾನ್ಸಿಸ್ 2024ರ ಜೂನ್‌ನಲ್ಲಿ ಆದೇಶ ಹೊರಡಿಸಿದರು. ಆ ಆದೇಶದ ಹೆಸರು 'ಸೋದರ ಸೂರ್ಯ'. ವ್ಯಾಟಿಕನ್ನಿನ ಆರನೇ ಪೌಲ್ ಸಭಾಂಗಣದ ಮಾಡಿನ ಮೇಲೂ 2008ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪ್ಯಾನೆಲ್ ಹಾಕಿದರು. ಆದರೆ ಅಲ್ಲಿ ಕೆಳಗೆ ಕೂರುವುದು ಜನ, ಅವರಿಗೆ ಬಿಸಿಲು ಬೇಕಿಲ್ಲ. ಟೊಮೇಟೊ ಗಿಡಕ್ಕೆ ಬೇಕು.

ಎಲೆ ತನ್ನ ಆಹಾರ ತಯಾರಿಸುವುದು ಬೆಳಕಿನಿಂದ, ಪ್ಯಾನೆಲ್ ಕರೆಂಟು ಮಾಡುವುದೂ ಬೆಳಕಿನಿಂದಲೇ. ಒಬ್ಬರು ಉಂಡದ್ದು ಇನ್ನೊಬ್ಬರಿಗಿಲ್ಲ. ಇಟಲಿಯ ಸಾರ್ಡಿನಿಯ ದ್ವೀಪದಲ್ಲಿ ಮಾಡಿನ ಅರ್ಧ ಭಾಗಕ್ಕೆ ಪ್ಯಾನೆಲ್ ಹಾಕಿದ ಹಸಿರುಮನೆಯಲ್ಲಿ ಟೊಮೇಟೊ ಬೆಳೆದು ಅಳತೆ ಮಾಡಿ ನೋಡಿದರು. 2014ರಲ್ಲಿ ಪ್ರಕಟವಾದ ಆ ಲೆಕ್ಕದಂತೆ ಒಳಗಿನ ಬೆಳಕು ಶೇಕಡ 64ರಷ್ಟು ಕಡಿಮೆಯಾಗಿತ್ತು. ಪ್ಯಾನೆಲ್ ಇದ್ದದ್ದು ಹೆಚ್ಚು ಬಿಸಿಲು ಬೀಳುವ ದಕ್ಷಿಣದ ಇಳಿಜಾರಿನ ಮೇಲೆ. ಹಾಗಾಗಿ ಅರ್ಧ ಮುಚ್ಚಿದರೆ ಅರ್ಧ ಬೆಳಕು ಉಳಿಯುತ್ತೆ ಅಂತ ನಂಬಿ ಕೂರುವಂತಿಲ್ಲ.

ಈಗ ನಮ್ಮ ಊರಿಗೆ ಬನ್ನಿ. ಭದ್ರಾವತಿಗೆ ಆಗುಂಬೆಯ ಮಳೆ ಇಲ್ಲ, ನಿಜ. ಆದರೂ ಜೂನ್‌ನಿಂದ ಆಗಸ್ಟ್‌ವರೆಗೆ ದಿನಗಟ್ಟಲೆ ಮೋಡ ಮುಚ್ಚಿಕೊಂಡಿರುವುದು ನಿಮಗೇ ಗೊತ್ತು. ಹೊರಗಿನ ಟೊಮೇಟೊ ಮಳೆಗೆ ಕೊಳೆಯುವುದು ಆಗಲೇ. ಹಸಿರುಮನೆ ಕಟ್ಟಿದವರು ನಾಲ್ಕು ಕಾಸು ಕಾಣಬೇಕಾದ ಕಾಲವೂ ಅದೇ. ಇರುವ ಚೂರು ಬೆಳಕನ್ನೂ ಪ್ಯಾನೆಲ್ ತಡೆದರೆ ಗಿಡ ಸೊರಗಿ ಉದ್ದಕ್ಕೆ ಬೆಳೆಯುತ್ತದೆ, ಹೂ ಉದುರುತ್ತದೆ, ತೇವ ಆರದೆ ಅಂಗಮಾರಿ ರೋಗ ಬರುತ್ತದೆ. ಆಗ ಕರೆಂಟೂ ಕಡಿಮೆ. ಸಾಲದ ಕಂತು ಮಾತ್ರ ಪೂರ್ತಿ ಕಟ್ಟಬೇಕು.

ಮಾರ್ಚ್, ಏಪ್ರಿಲ್‌ನಲ್ಲಿ ಮಾತು ಬೇರೆ. ಕೊತ್ತಂಬರಿ, ಪಾಲಕ್ ಸೊಪ್ಪಿಗೆ ಆಗ ನೆರಳು ಒಳ್ಳೆಯದು. ಅದಕ್ಕೆ ಶೇಡ್ ನೆಟ್ ಇದೆ, ಮಳೆಗಾಲದಲ್ಲಿ ಸುತ್ತಿ ಇಡಬಹುದು. ಪ್ಯಾನೆಲ್ ಸುತ್ತಿ ಇಡಕ್ಕಾಗುತ್ತಾ? ಮತ್ತೆ, ಸೊಪ್ಪೆಲ್ಲ ನೆರಳಿಗೆ ಒಗ್ಗುತ್ತದೆ ಎಂದುಕೊಳ್ಳಬೇಡಿ. ಹರಿವೆ ಬಿಸಿಲಿನ ಗಿಡ. ದೊಣ್ಣೆಮೆಣಸಿಗೂ ಧಾರಾಳ ಬೆಳಕು ಬೇಕು.

ಹಾಗಾದರೆ ಸೋಲಾರ್ ಬೇಡವೇ? ಬೇಕು. ಎಷ್ಟು ಬೇಕು, ಎಲ್ಲಿ ಇಡಬೇಕು ಎಂಬುದೇ ಪ್ರಶ್ನೆ. ಹಸಿರುಮನೆಯೊಳಗೆ ಮಳೆ ಬೀಳುವುದಿಲ್ಲ, ಜುಲೈನಲ್ಲೂ ನಾವೇ ನೀರು ಕೊಡಬೇಕು. ಇದು ಎಷ್ಟೋ ಜನಕ್ಕೆ ಹೊಳೆಯುವುದೇ ಇಲ್ಲ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರ್. ಬೇಸಿಗೆಯಲ್ಲಿ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಹಿಡಿದರೆ 500 ಲೀಟರ್ ಆಯಿತು. ಸಂಪಿನಿಂದ ಎತ್ತರದ ತೊಟ್ಟಿಗೆ ಇಷ್ಟು ನೀರು ಎತ್ತಲು ಅರ್ಧ ಎಚ್.ಪಿ. ಪಂಪು ಒಂದು ಗಂಟೆ ಓಡಿದರೆ ಧಾರಾಳ, ಖರ್ಚು ಸುಮಾರು ಅರ್ಧ ಯೂನಿಟ್. ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ 4 ಯೂನಿಟ್ ಆಸುಪಾಸು ಕೊಡುತ್ತದೆ. ತೊಟ್ಟಿ ದೊಡ್ಡದಿದ್ದರೆ ಬಿಸಿಲು ಬಂದ ದಿನ ತುಂಬಿಸಿಟ್ಟುಕೊಳ್ಳಬಹುದು. (ಕೊಳವೆಬಾವಿಯಿಂದ ಎತ್ತುವುದಾದರೆ ಲೆಕ್ಕ ಬೇರೆ.) ಒಂದು ಗುಂಟೆ ಮಾಡಿನ ತುಂಬ ಹಾಕಿದರೆ 10 ಕಿಲೋವ್ಯಾಟ್ ಆದೀತು. ಅಷ್ಟು ಯಾರಿಗೆ? ಮಿಕ್ಕಿದ್ದನ್ನು ಮಾರುವುದು ಬೇರೆಯೇ ವ್ಯವಹಾರ. ಅದಕ್ಕೆ ಮೆಸ್ಕಾಂ ಒಪ್ಪಿಗೆ ಬೇಕು, ಮೀಟರು ಬೇಕು. ತರಕಾರಿಯ ಲೆಕ್ಕದೊಳಗೆ ಅದನ್ನು ತುರುಕಬೇಡಿ.

ಪ್ಯಾನೆಲ್ಲನ್ನು ಹಸಿರುಮನೆಯ ಉತ್ತರಕ್ಕೆ, ಪಂಪ್ ಶೆಡ್ಡಿನ ಮೇಲೆ, ಹಸಿರುಮನೆಯ ನೆರಳು ತಾಗದಷ್ಟು ದೂರದಲ್ಲಿ ಇಡಿ. ಮುಖ ದಕ್ಷಿಣಕ್ಕಿರಲಿ, ನಮ್ಮ ಅಕ್ಷಾಂಶಕ್ಕೆ ತಕ್ಕಂತೆ ಸುಮಾರು 14 ಡಿಗ್ರಿ ಓರೆ ಕೊಡಿ. ಸೂರಿನ ನೀರು ಹಿಡಿಯಲು ಪೈಪು ಕಟ್ಟಿಸುವುದನ್ನು ಮರೆಯಬೇಡಿ. ಒಂದು ಗುಂಟೆ ಮಾಡಿನ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್, ಅಂದರೆ ಎರಡು ದಿನದ ನೀರು.

ಸಹಾಯಧನದ ಷರತ್ತುಗಳನ್ನು ತೋಟಗಾರಿಕೆ ಇಲಾಖೆಯಲ್ಲಿ, ತಳಿಯ ವಿಚಾರವನ್ನು ನವಿಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಂಘದ ಇಬ್ಬರಾದರೂ ಹೋಗಿ ಕೇಳಿ ಬನ್ನಿ. ಮುಂದಿನ ಸಭೆಗೆ ಬರುವಾಗ ಹಿತ್ತಲಿನ ಅಳತೆ, ಯಾವ ಮರದ ನೆರಳು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಒಂದು ವಾರ ಕರೆಂಟು ಎಷ್ಟೆಷ್ಟು ಹೊತ್ತಿಗೆ ಇತ್ತು ಎಂಬುದನ್ನು ಬರೆದು ತನ್ನಿ. ಭದ್ರಾವತಿಯವರ ಅರ್ಜಿ ಇನ್ನೂ ಸಹಿಯಾಗದೆ ನನ್ನ ಬೀರುವಿನಲ್ಲೇ ಇದೆ. ಅದನ್ನು ಎದುರಿಗಿಟ್ಟುಕೊಂಡು ಎಲ್ಲರೂ ಸೇರಿ ಲೆಕ್ಕ ಹಾಕೋಣ.